ಅಕ್ಕನ ಜೊತೆ ತಡಿಯಂಡಮೋಳ್ ಹತ್ತಿದ್ದು

ತಡಿಯಂಡಮೋಳ್‌ಗೆ ಈ ಮೊದಲು ಎರಡು ಸಲ ಹೋಗಿದ್ದೆ. ಎರಡೂ ಸಲ ಗೆಳೆಯರ ಜೊತೆ, ದಡಬಡ ಹತ್ತಿ ದಡಬಡ ಇಳಿದಿದ್ದು. ಎರಡನೇ ಸಲ ಇಳಿಯುವಾಗ ಒಣಹುಲ್ಲಿನ ಮೇಲೆ ಜಾರಿ ಕಾಲು ಉಳುಕಿತ್ತು. ಈ ಸಲ ಅಕ್ಕನ ಜೊತೆ ಹೋದೆ. ಅವಳಿಗೆ 58 ವರ್ಷ, ಬಲ ಮಂಡಿ ಆಗಾಗ ನೋಯುತ್ತದೆ. ಹುಟ್ಟಿ ಬೆಳೆದದ್ದೆಲ್ಲ ವಿರಾಜಪೇಟೆಯಲ್ಲೇ. ಆದರೂ ಕೊಡಗಿನ ಅತಿ ಎತ್ತರದ ಈ ಬೆಟ್ಟವನ್ನು ದೂರದಿಂದ ನೋಡಿದ್ದಷ್ಟೇ. "ಒಂದ್ಸಲನಾದ್ರೂ ಮೇಲೆ ನಿಂತು ನೋಡ್ಬೇಕು ಕಣೋ" ಅಂತ ಎಷ್ಟೋ ವರ್ಷದಿಂದ ಹೇಳುತ್ತಿದ್ದಳು.

ಡಾಕ್ಟರಿಗೆ ತೋರಿಸಿ, ಹೋಗಬಹುದು ಎಂದ ಮೇಲೆ ಒಂದೂವರೆ ತಿಂಗಳು ತಯಾರಿ ಮಾಡಿದೆವು. ದಿನಾ ಸಂಜೆ ಮನೆ ಹಿಂದಿನ ಕಾಫಿ ತೋಟದ ಏರು. ಮೊದಲ ವಾರ 20 ನಿಮಿಷ, ಕೊನೆಗೆ ಒಂದು ಗಂಟೆ. ಎಲ್ಲರೂ ಹತ್ತುವ ಅಭ್ಯಾಸ ಮಾಡುತ್ತಾರೆ, ನಾವು ಇಳಿಯುವುದನ್ನೇ ಜಾಸ್ತಿ ಮಾಡಿದೆವು. ಹತ್ತುವಾಗ ಏದುಸಿರು ಬಂದರೆ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಮಾತ್ರ ಪ್ರತಿ ಹೆಜ್ಜೆಯಲ್ಲೂ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ.

ಹೋಗಿದ್ದು ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮಾರನೇ ವಾರ. ಮಳೆ ನಿಂತು ಜಿಗಣೆ ಕಡಿಮೆಯಾಗಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ. ಫೆಬ್ರುವರಿ ದಾಟಿದರೆ ಹುಲ್ಲೆಲ್ಲ ಒಣಗಿ ಬೆಂಕಿಯ ಭಯ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿಕೊಂಡಿದ್ದೆವು.

ಬೆಳಗಿನ ಜಾವವೇ ಹೊರಟು ನಾಲ್ಕುನಾಡು ಅರಮನೆಯ ಹತ್ತಿರ ಕಾರು ನಿಲ್ಲಿಸಿದೆವು. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರ ಸೈನ್ಯ ಬಂದಾಗ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಮಡಿಕೇರಿ ಬಿಟ್ಟು ಬಂದು ಸೇರಿದ್ದು ಇಲ್ಲಿಗೇ. ಸುತ್ತ ಬೆಟ್ಟ, ಕಾಡು. ಬೆಳಗಿನ ಮಂಜಿನಲ್ಲಿ ಅಲ್ಲಿ ನಿಂತರೆ ಈ ಜಾಗ ಯಾಕೆ ಆರಿಸಿಕೊಂಡರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲರ್ಧ ಸುಲಭ. ಕಾಡಿನೊಳಗಿನ ಅಗಲ ದಾರಿ, ನಡುವೆ ಹಳ್ಳ. ನಾನು ಹಿಂದೆ, ಅಕ್ಕ ಮುಂದೆ. ಇದು ಬೇಕೆಂದೇ ಮಾಡಿದ್ದು. ನಾನು ಮುಂದೆ ಹೋದರೆ ಅವಳು ನನ್ನ ವೇಗಕ್ಕೆ ಕಾಲು ಹಾಕುತ್ತಾಳೆ. ಮಾತಾಡುತ್ತ ನಡೆಯಲು ಆಗುತ್ತಿದ್ದರೆ ವೇಗ ಸರಿ ಇದೆ, ಮಾತು ತುಂಡಾದರೆ ನಿಲ್ಲುವುದು. ಗಡಿಯಾರ ನೋಡಿದ್ದು ಒಂದೇ ವಿಷಯಕ್ಕೆ: ಎಲ್ಲಿದ್ದರೂ 12 ಗಂಟೆಗೆ ವಾಪಸ್ ತಿರುಗಬೇಕು ಅಂತ ಮನೆಯಲ್ಲೇ ಮಾತಾಗಿತ್ತು.

ದಾರಿ ಬಯಲಿಗೆ ಬರುವಲ್ಲಿ ಒಂದು ದೊಡ್ಡ ಬಂಡೆ ಇದೆ. ನಾನು ಹಿಂದೆ ಎರಡು ಸಲವೂ ಅದರ ಪಕ್ಕದಲ್ಲೇ ಹೋದವನು, ಕೂತಿರಲಿಲ್ಲ. ಈ ಸಲ ಅರ್ಧ ಗಂಟೆ ಕೂತೆವು. ಬಿಸಿಲು ಬಿದ್ದ ಕಡೆ ಕಲ್ಲು ಬೆಚ್ಚಗೆ, ನೆರಳಿನ ಕಡೆ ಕೈಯಿಟ್ಟರೆ ತಣ್ಣಗೆ. ಮೈಮೇಲೆ ಬೂದು, ಬಿಳಿ ಕಲ್ಲುಹೂವಿನ ಮಚ್ಚೆಗಳು. ಅಕ್ಕ ಅಕ್ಕಿ ರೊಟ್ಟಿ, ಎಳ್ಳಿನ ಚಟ್ನಿ ಬಿಚ್ಚಿದಳು. ಎದುರಿನ ಬೆಟ್ಟ ನೋಡುತ್ತ, "ಬೆಟ್ಟದ ಮಡಿಕೆಯಲ್ಲಿ ಮಾತ್ರ ಕಾಡು, ಉಳಿದಿದ್ದೆಲ್ಲ ಹುಲ್ಲು, ಯಾಕೋ?" ಎಂದಳು. ಅದು ಶೋಲಾ ಕಾಡು. ಗಾಳಿ ಕಡಿಮೆ ಇದ್ದು ನೀರು ನಿಲ್ಲುವ ಮಡಿಕೆಗಳಲ್ಲಿ ಮರ ಒತ್ತಾಗಿ ಬೆಳೆಯುತ್ತದೆ, ಗಾಳಿ ಹೊಡೆಯುವ ಮೈಯಲ್ಲಿ ಹುಲ್ಲು. ಮಳೆನೀರನ್ನು ಹಿಡಿದಿಟ್ಟು, ಮಳೆ ನಿಂತ ಮೇಲೂ ತೊರೆಗಳಿಗೆ ಬಿಡುವುದು ಇವೆರಡೂ ಸೇರಿ. ನಾವು ದಾಟಿ ಬಂದ ಹಳ್ಳದ ನೀರೂ ಹಾಗೆ ಬಂದದ್ದೇ ಎಂದಾಗ ಅಕ್ಕ ಕೆಳಗಿನ ಕಾಡನ್ನು ಇನ್ನೊಮ್ಮೆ ತಿರುಗಿ ನೋಡಿದಳು.

ಕೊನೆಯ ಏರೇ ನಿಜವಾದ ಕಷ್ಟ. ಕಲ್ಲಿನ ಕಡಿದಾದ ದಾರಿ, ಆಮೇಲೆ ಶೋಲಾದೊಳಗೆ ಬೇರು ಹಿಡಿದು ಹತ್ತಬೇಕು. ಹಗಲಲ್ಲೂ ಅಲ್ಲಿ ಮಬ್ಬು. ಎತ್ತರದ ಮೆಟ್ಟಿಲಿನಂಥ ಜಾಗದಲ್ಲೆಲ್ಲ ಅಕ್ಕ ಮೊದಲು ಎಡಗಾಲು ಎತ್ತಿಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದಳು. ಇಳಿಯುವಾಗ ಉಲ್ಟಾ, ಮೊದಲು ಬಲಗಾಲು. ನೋವಿರುವ ಕಾಲಿಗೆ ಭಾರ ಎತ್ತುವ ಕೆಲಸ ಕೊಡಬಾರದು, ಅಷ್ಟೇ.

ಹನ್ನೊಂದೂವರೆಗೆ 1748 ಮೀಟರ್ ಎತ್ತರದ ತುದಿ ಮುಟ್ಟಿದೆವು. ಗಾಳಿ ಜೋರಿತ್ತು. ಪಶ್ಚಿಮಕ್ಕೆ ಕೇರಳದ ಕಡೆ ಇಳಿಯುವ ಕಾಡು. ಈಚೆ ಕಡೆ ಕಕ್ಕಬ್ಬೆಯ ಗದ್ದೆಗಳು, ಅರ್ಧ ಕೊಯ್ಲಾಗಿ ಅರ್ಧ ಇನ್ನೂ ಹೊಂಬಣ್ಣ. ಪುತ್ತರಿಯ ಹೊತ್ತು ಗೊತ್ತು ಮಾಡುವ ಪಾಡಿ ಇಗ್ಗುತ್ತಪ್ಪನ ಸನ್ನಿಧಿ ಇರುವುದೂ ಆ ಕಡೆಯೇ. ಅಕ್ಕ ಅತ್ತ ತಿರುಗಿ ಕೈಮುಗಿದಳು. ತುಂಬ ಹೊತ್ತು ಏನೂ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಇಳಿಯಲು ಹತ್ತಿದ್ದಕ್ಕಿಂತ ಅರ್ಧ ಗಂಟೆ ಜಾಸ್ತಿಯೇ ಹಿಡಿಯಿತು. ಹುಲ್ಲಿನ ಇಳಿಜಾರಿನಲ್ಲಿ ನೇರ ಇಳಿಯದೆ ದಾರಿಯ ಅಗಲದೊಳಗೇ ಓರೆಯಾಗಿ, ಸಣ್ಣ ಸಣ್ಣ ಹೆಜ್ಜೆ. ಮೊದಲು ಕೋಲು ಊರುವುದು, ಆಮೇಲೆ ಕಾಲು. ಶೂ ಲೇಸನ್ನು ತುದಿಯಲ್ಲೇ ಬಿಗಿ ಮಾಡಿಕೊಂಡಿದ್ದರಿಂದ ಬೆರಳುಗಳು ಮುಂದಕ್ಕೆ ಒತ್ತಲಿಲ್ಲ. ನಾನು ಉಳುಕಿಸಿಕೊಂಡಿದ್ದ ಜಾಗದಲ್ಲಿ ಅಕ್ಕ ಕೂತು, ಕೈಯೂರಿ ಜಾರಿಕೊಂಡು ಇಳಿದಳು. ಚೂಡಿದಾರಕ್ಕೆ ಮಣ್ಣಾಯಿತು, ಕಾಲಿಗೆ ಏನೂ ಆಗಲಿಲ್ಲ.

ಮಾರನೇ ದಿನ ಮಂಡಿ ಸ್ವಲ್ಪ ಊದಿತ್ತು. ಕಾಲು ಎತ್ತರಕ್ಕಿಟ್ಟು ಐಸ್ ಇಟ್ಟುಕೊಂಡಳು. ನಾಲ್ಕನೇ ದಿನ ಸಂಜೆ ಫೋನ್ ಮಾಡಿದರೆ ಭಾವ ಎತ್ತಿದರು. "ಅವಳು ತೋಟದ ಏರಿಗೆ ಹೋಗಿದ್ದಾಳಲ್ಲ" ಎಂದರು.