ಗೇಜ್‌ಗೆ ಕವರ್: ಮೊದಲು ಹೋಸ್, ಕೊನೆಗೆ ಬೂಟ್

"ಹೋಸ್ ಟೈಟ್ ಮಾಡಿದ ಮೇಲೆ ಬೂಟ್ ಹತ್ತಲ್ಲ ಮಾರಾಯ." ಬೂಟ್ ಅಂದರೆ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಗೇಜಿನ ರಬ್ಬರ್ ಕವರ್, ಹೋಸ್ ಅಂದರೆ ಆ ಗೇಜಿಗೆ ಗಾಳಿ ತರುವ ಪೈಪ್. ಮುರುಡೇಶ್ವರದಲ್ಲಿ ನನ್ನ ಜೊತೆ ಡೈವಿಂಗ್ ಗೇರ್ ರಿಪೇರಿ ಮಾಡುವವರೆಲ್ಲ ಇದನ್ನೇ ಹೇಳುತ್ತಿದ್ದರು. ಈಗ ನೇತ್ರಾಣಿ ದ್ವೀಪಕ್ಕೆ ಹೋಗುವ ನಮ್ಮ ಸೆಟ್‌ಗಳಿಗೆಲ್ಲ ಹೋಸ್ ಟೈಟ್ ಮಾಡಿದ ಮೇಲೆಯೇ ಬೂಟ್ ಹತ್ತಿಸಿದ್ದೇನೆ. ಸೀಸನ್ ಪೂರ್ತಿ ಒಂದೂ ಬಿಚ್ಚಿಕೊಂಡಿಲ್ಲ.

ಅವರ ಕ್ರಮ ಹೀಗೆ. ಮೊದಲು ಗೇಜನ್ನು ರಬ್ಬರ್ ಬೂಟಿನೊಳಗೆ ತುರುಕುವುದು, ಆಮೇಲೆ ಬೂಟಿನ ಕುತ್ತಿಗೆಯಿಂದ ಹೋಸ್ ತೂರಿಸಿ ತಿರುಗಿಸುವುದು. ಒಳಗೆ ಸ್ಪಾನರ್ ಹಿಡಿಯಲು ಜಾಗವಿಲ್ಲ, ಏನೂ ಕಾಣುವುದೂ ಇಲ್ಲ. ಹೋಸ್ ಮತ್ತು ಗೇಜಿನ ನಡುವೆ ಕೂರುವ ಸಣ್ಣ ಪಿನ್, ಅಂದರೆ ಸ್ಪೂಲ್, ಓರೆಯಾಗಿ ಕೂತು ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರವನ್ನು (ಓ-ರಿಂಗ್) ಕತ್ತರಿಸುತ್ತದೆ. ಸಿಲಿಂಡರ್ ತೆರೆದರೆ ಬೂಟಿನ ಬುಡದಲ್ಲಿ ಬುಳುಬುಳು ಗುಳ್ಳೆ. ಮತ್ತೆ ಎಲ್ಲ ಬಿಚ್ಚಬೇಕು, ಬಿಚ್ಚುವಾಗ ಕುತ್ತಿಗೆ ಹರಿಯುತ್ತದೆ. ಒಂದು ಬೂಟಿಗೆ ಏಳೆಂಟು ನೂರು ರೂಪಾಯಿ, ಕೊರಿಯರ್ ಸೇರಿದರೆ ಸಾವಿರದ ಹತ್ತಿರ. ಒಂದು ವರ್ಷ ಬೂಟಿಗೇ ಎಂಟು ಸಾವಿರದಷ್ಟು ಹೋಯಿತು. ಕೆಲವು ರೂಪಾಯಿಯ ಓ-ರಿಂಗ್ ತರಿಸಲು ಅದರ ಹತ್ತು ಪಟ್ಟು ಕೊರಿಯರ್ ಖರ್ಚು ಬೇರೆ.

ನಾನು ಹೋಸನ್ನು ಮೊದಲು ಬೂಟಿನ ಕುತ್ತಿಗೆಯಿಂದ ತೂರಿಸಿ, ಬೂಟನ್ನು ಕೆಳಗೆ ಜಾರಿಸಿ ಬಿಡುತ್ತೇನೆ. ಗೇಜ್ ಬರಿಮೈಯಲ್ಲಿದ್ದಾಗಲೇ ಸ್ಪೂಲ್ ಕೂರಿಸಿ, ಎರಡು ಸ್ಪಾನರ್ ಹಿಡಿದು ಟೈಟ್. ಗೇಜನ್ನು ಯಾರ ಕಡೆಗೂ ತಿರುಗಿಸದೆ ಸಿಲಿಂಡರ್ ನಿಧಾನಕ್ಕೆ ತೆರೆದು, 200 ಬಾರ್ ಒತ್ತಡ ತುಂಬಿಸಿ ನೀರಲ್ಲಿ ಮುಳುಗಿಸಿ ನೋಡುತ್ತೇನೆ. ಗುಳ್ಳೆ ಇಲ್ಲದಿದ್ದರೆ ಗಾಳಿ ಪೂರ್ತಿ ಬಿಟ್ಟು ಬೂಟ್ ಏರಿಸಲು ಶುರು.

ಏರಿಸಲು ಏನು ಹಚ್ಚಬೇಕು ಅನ್ನುವುದರಲ್ಲೇ ಜಾಸ್ತಿ ದಿನ ಹೋದವು. ವ್ಯಾಸಲಿನ್ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡಿತು. ಸಿಲಿಕೋನ್ ಗ್ರೀಸ್ ಹಚ್ಚಿದರೆ ಬೂಟ್ ಸಲೀಸಾಗಿ ಏರುತ್ತದೆ, ಆದರೆ ಗ್ರೀಸ್ ಒಣಗುವುದೇ ಇಲ್ಲ. ನೀರಿಗಿಳಿದ ಮೇಲೆ ಬೂಟ್ ತಿರುಗುತ್ತಿರುತ್ತದೆ. ಸರ್ಜಿಕಲ್ ಸ್ಪಿರಿಟ್ ಚೆನ್ನಾಗಿ ಜಾರಿಸಿ ತಾನೇ ಆರಿಹೋಗುತ್ತದೆ. ತೊಂದರೆ ಏನೆಂದರೆ, ಗೇಜಿನ ಮುಖ ಅಕ್ರಿಲಿಕ್ ಆಗಿದ್ದರೆ ಸ್ಪಿರಿಟ್ ತಾಗಿ ಕೂದಲೆಳೆಯಂಥ ಬಿರುಕು ಬರಬಹುದು. ಕೊನೆಗೆ ಗೆದ್ದದ್ದು ಬಿಗಿ ಬಳೆ ತೊಡಿಸುವವರ ಉಪಾಯವೇ: ತೆಳ್ಳನೆ ಸೋಪಿನ ನೀರು. ಯಾವ ಸೋಪು, ಎಷ್ಟು ನೀರು ಎಂಬುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಬೂಟನ್ನು ಮಾತ್ರ ಬಿಸಿನೀರಲ್ಲಿ ಐದಾರು ನಿಮಿಷ ಅದ್ದಿಡಿ. ಕೈ ತಡೆಯದಷ್ಟು ಬಿಸಿ ಸಾಕು, ಕುದಿಯುವುದು ಬೇಡ. ಗೇಜ್ ಬಿಸಿಯಾಗಲೇಬಾರದು, ಅದರಲ್ಲೂ ಆಳ ತೋರಿಸುವ, ಎಣ್ಣೆ ತುಂಬಿದ ಡೆಪ್ತ್ ಗೇಜ್. ಬೂಟಿನ ಬಾಯಿಯ ಅಂಚನ್ನು ಹೊರಕ್ಕೆ ಮಗುಚಿ, ಗೇಜಿನ ಮೈಯನ್ನು ಹಿಡಿದು ಒತ್ತಬೇಕು, ಹೋಸ್ ಹಿಡಿದು ಜಗ್ಗಬಾರದು. ಮುಕ್ಕಾಲು ಭಾಗ ಹೋದ ಮೇಲೆ ನಿಲ್ಲುತ್ತದಲ್ಲ, ಅಲ್ಲೇ ಎಲ್ಲರೂ ಸೋಲುವುದು. ರಬ್ಬರ್ ಸಾಲದೆ ನಿಲ್ಲುವುದಲ್ಲ ಅದು, ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಪಕ್ಕದಲ್ಲಿ ಒಂದು ತೆಳ್ಳನೆ ಕೇಬಲ್ ಟೈ ತೂರಿಸಿ. ಪುಸ್ ಎಂದು ಗಾಳಿ ಹೊರಬಂದು ಗೇಜ್ ಒಳಗೆ ಕೂರುತ್ತದೆ. ಮಗುಚಿದ ಅಂಚನ್ನು ಬೆರಳಲ್ಲಿ ಸುತ್ತಲೂ ಮೇಲಕ್ಕೆ ತಂದು, ಟೈ ಎಳೆದು ತೆಗೆಯಿರಿ.

ನಡುವೆ ಟ್ರ್ಯಾಕ್ಟರ್ ಟ್ಯೂಬ್ ಕತ್ತರಿಸಿ ಬೂಟ್ ಹೊಲಿಸುವ ಹುಚ್ಚೂ ಹತ್ತಿತ್ತು. ಭಟ್ಕಳದ ಪಂಕ್ಚರ್ ಅಂಗಡಿಯವರು ಟ್ಯೂಬ್ ಸುಮ್ನೆ ಕೊಟ್ಟರು. ಚಪ್ಪಲಿ ಹೊಲಿಯುವವರು ನೂರೈವತ್ತಕ್ಕೆ ಹೊಲಿದುಕೊಟ್ಟರು. ನೋಡಲು ಮಹಾ ಕುರೂಪ, ಆದರೆ ದೋಣಿಯ ಅಂಚಿಗೆ ಬಡಿದರೂ ಗಾಜಿಗೆ ಪೆಟ್ಟು ಬೀಳಲಿಲ್ಲ. ಹೊಲಿಗೆ ಉಪ್ಪುನೀರಿಗೆ ಎರಡು ತಿಂಗಳೂ ಬಾಳಲಿಲ್ಲ. ಅಂಟಿಸಿ ನೋಡುವ ಯೋಚನೆ ಇನ್ನೂ ಇದೆ.

ಕೆಲವು ಗೇಜುಗಳ ಹಿಂಭಾಗದಲ್ಲಿ ಒತ್ತಡ ಹೊರಹಾಕುವ ಸಣ್ಣ ಪ್ಲಗ್ ಇರುತ್ತದೆ. ಬೂಟಿನ ತೂತು ಅದರ ನೇರಕ್ಕೇ ಬರಬೇಕು. ಬೇರೆ ಕಂಪನಿಯ ಬೂಟ್ ಹಾಕುವವರು ಇದನ್ನು ನೋಡುವುದೇ ಇಲ್ಲ. ಮತ್ತೆ, ಜೂನ್‌ನಲ್ಲಿ ಮಳೆ ಹಿಡಿದು ದೋಣಿ ನಿಂತ ಮೇಲೆ ಎಲ್ಲ ಬೂಟೂ ಬಿಚ್ಚಿಡಿ. ಒಳಗೆ ಉಪ್ಪು ಕಟ್ಟಿ ಹಿತ್ತಾಳೆ ಹಸಿರಾಗಿರುತ್ತದೆ. ಸಿಹಿನೀರಲ್ಲಿ ಒಂದು ರಾತ್ರಿ ನೆನೆಸಿಟ್ಟು, ನೆರಳಲ್ಲಿ ಆರಿಸಿದರೆ ಆಯಿತು.