ಮುಂಬಯಿಯ ಹಳೆಯ ಟಾಕೀಸುಗಳ ಜಾಡು ಹಿಡಿದು

ಮುಂಬಯಿಯ ಹಳೆಯ ಚಿತ್ರಮಂದಿರಗಳ ಚರಿತ್ರೆ ಹುಡುಕಲು ಹೊರಟಾಗ ನಾನು ಮೊದಲು ಮಾಡಿಕೊಂಡದ್ದು ರಸ್ತೆಗಳ ಹಳೆಯ ಹಾಗೂ ಹೊಸ ಹೆಸರುಗಳ ಪಟ್ಟಿ. ಭಾರತದ ಮೊದಲ ಕಥಾಚಿತ್ರ, ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ತೆರೆಕಂಡ ಕೊರೊನೇಶನ್ ಚಿತ್ರಮಂದಿರ ಇದ್ದದ್ದು ಗಿರ್ಗಾಂವ್‌ನ ಸ್ಯಾಂಡ್‌ಹರ್ಸ್ಟ್ ರಸ್ತೆಯಲ್ಲಿ. ಆ ರಸ್ತೆ ಈಗ ಸರ್ದಾರ್ ವಲ್ಲಭಭಾಯಿ ಪಟೇಲ್ ಮಾರ್ಗ. ಲ್ಯಾಮಿಂಗ್ಟನ್ ರಸ್ತೆ ದಾದಾಸಾಹೇಬ್ ಭಡಕಮ್ಕರ್ ಮಾರ್ಗವಾಗಿದೆ, ಫಾಕ್‌ಲ್ಯಾಂಡ್ ರಸ್ತೆಗೆ ‘ತಮಾಷಾ’ ಎಂಬ ಮರಾಠಿ ಜನಪದ ರಂಗಪ್ರಕಾರದ ಕಲಾವಿದ ಪಠ್ಠೆ ಬಾಪೂರಾವ್ ಅವರ ಹೆಸರು ಬಂದಿದೆ. ಪತ್ರಿಕೆಯಲ್ಲಿ ಒಂದು ವಿಳಾಸ, ಸರ್ಕಾರಿ ಕಡತದಲ್ಲಿ ಇನ್ನೊಂದು, ಜನರ ಬಾಯಲ್ಲಿ ಮತ್ತೊಂದು. ಮೂರೂ ಒಂದೇ ಜಾಗ ಎಂದು ತಿಳಿಯುವವರೆಗೆ ಒಂದು ಚಿತ್ರಮಂದಿರ ಮೂರಾಗಿ ಕಾಣುತ್ತದೆ.

ಚಿತ್ರಮಂದಿರಗಳ ಹೆಸರುಗಳೂ ಹಾಗೆಯೇ. ಬೋರಿಬಂದರ್ ನಿಲ್ದಾಣದ (ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಎದುರಿನ ಕ್ಯಾಪಿಟಲ್ 1879ರಲ್ಲಿ ಗೇಯಿಟಿ ಎಂಬ ನಾಟಕಶಾಲೆಯಾಗಿ ಶುರುವಾಯಿತು. ಇಂದು ಯಾರನ್ನಾದರೂ ಗೇಯಿಟಿ ಎಲ್ಲಿ ಎಂದು ಕೇಳಿದರೆ 1972ರಲ್ಲಿ ತೆರೆದ ಬಾಂದ್ರಾದ ಗೇಯಿಟಿ-ಗ್ಯಾಲಕ್ಸಿಗೆ ದಾರಿ ತೋರಿಸುತ್ತಾರೆ. ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಬಿಡುಗಡೆಯಾದ ಮೆಜೆಸ್ಟಿಕ್ ಗಿರ್ಗಾಂವ್‌ನದು. ಕೊಲಾಬಾದಲ್ಲಿ ಅದೇ ಹೆಸರಿನ ಹೋಟೆಲ್ ಕಟ್ಟಡ ಇದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕನ್ನಡಿಗರಿಗಂತೂ ಮೆಜೆಸ್ಟಿಕ್ ಎಂದ ಕೂಡಲೇ ಬೆಂಗಳೂರಿನ ಬಸ್ ನಿಲ್ದಾಣ ಕಣ್ಣ ಮುಂದೆ ಬರುತ್ತದೆ. ಅಲ್ಲಿಯೂ ಬಡಾವಣೆಗೆ ಹೆಸರು ಕೊಟ್ಟದ್ದು ಒಂದು ಚಿತ್ರಮಂದಿರವೇ. ಮುಂಬಯಿಯಲ್ಲಿ ಆಪೇರಾ ಹೌಸ್, ಮೆಟ್ರೋ, ಮರಾಠಾ ಮಂದಿರ್ ಎಂಬ ಹೆಸರುಗಳಿಂದಲೇ ಜನ ಇಂದಿಗೂ ಟ್ಯಾಕ್ಸಿಯವರಿಗೆ ದಾರಿ ಹೇಳುತ್ತಾರೆ.

ಹೆಸರುಗಳು ಹೊಂದಿಕೊಂಡ ಮೇಲೆ ಪತ್ರಿಕೆಗಳ ಜಾಹೀರಾತು. ಚಿತ್ರಗಳ ವಿಮರ್ಶೆಗಿಂತ ಜಾಹೀರಾತೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. 1896ರ ಜುಲೈ 7ರಂದು ಕಾಲಾ ಘೋಡಾದ ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿದಾಗ ಪ್ರವೇಶ ದರ ಒಂದು ರೂಪಾಯಿ. ಒಂದು ವಾರದ ನಂತರ ಆ ಪ್ರದರ್ಶನ ನಾವೆಲ್ಟಿ ನಾಟಕಶಾಲೆಗೆ ಹೋಯಿತು. ಅಲ್ಲಿ ಕ್ರಮೇಣ ನಾಲ್ಕು ಆಣೆಯಿಂದ ಎರಡು ರೂಪಾಯಿಯವರೆಗಿನ ಬೇರೆ ಬೇರೆ ದರಗಳು ಬಂದವು. ಹೋಟೆಲಿನ ಕೋಣೆಯಲ್ಲಿ ಕುಳಿತವರೇ ಬೇರೆ, ನಾಲ್ಕಾಣೆಯ ಸೀಟಿಗೆ ಬಂದವರೇ ಬೇರೆ. ಊರಿನ ಬಡವರು ಸಿನಿಮಾ ನೋಡಲು ತೊಡಗಿದ್ದು ಯಾವಾಗ ಎಂಬ ಪ್ರಶ್ನೆಗೆ ದರಪಟ್ಟಿಗಿಂತ ನೇರವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದ್ದರಿಂದ ಪ್ರತಿ ಚಿತ್ರಮಂದಿರಕ್ಕೂ ಒಂದು ಪುಟ ಮೀಸಲಿಟ್ಟು ದಿನಾಂಕ, ಆಟದ ವೇಳೆ, ದರ, ಹೆಂಗಸರಿಗೆ ಪ್ರತ್ಯೇಕ ಜಾಗ ಇತ್ತೇ ಎಂಬುದನ್ನು ಬರೆದುಕೊಳ್ಳುತ್ತೇನೆ. ‘ರಾಜಾ ಹರಿಶ್ಚಂದ್ರ’ ಮತ್ತು ‘ಆಲಂ ಆರಾ’ ಎರಡೂ ಬಂದದ್ದು ಶನಿವಾರ, ‘ಶೋಲೆ’ ಬಂದದ್ದು ಶುಕ್ರವಾರ. ತಿಂಗಳು ಮಾತ್ರ ಗೊತ್ತಿದ್ದಾಗ ಆ ತಿಂಗಳ ಶುಕ್ರವಾರ, ಶನಿವಾರಗಳ ಪತ್ರಿಕೆಗಳನ್ನು ಮೊದಲು ತೆರೆಯುತ್ತೇನೆ. ‘ಬಾಂಬೆ ಕ್ರಾನಿಕಲ್’ ಪತ್ರಿಕೆಯ ಎಷ್ಟೋ ಸಂಚಿಕೆಗಳು ಈಗ ಅಂತರ್ಜಾಲದಲ್ಲಿ ಓದಲು ಸಿಗುತ್ತವೆ. ಬಾಬೂರಾವ್ ಪಟೇಲರ ಸಿನಿಮಾ ಪತ್ರಿಕೆ ‘ಫಿಲ್ಮ್‌ಇಂಡಿಯಾ’ ಕೂಡ ಸಿಗುತ್ತದೆ.

ಮೂರನೆಯ ಆಕರ ಸರ್ಕಾರಿ ಕಾಗದ. ಸರ್ಕಾರ ಟಾಕೀಸುಗಳ ಬಗ್ಗೆ ಅಷ್ಟೊಂದು ಬರೆದಿಟ್ಟದ್ದು ಯಾಕೆ ಎಂದು ಕೇಳಿದರೆ, ಒಂದು ದೊಡ್ಡ ಕಾರಣ ಬೆಂಕಿ. ಆ ಕಾಲದ ನೈಟ್ರೇಟ್ ಫಿಲ್ಮು ಥಟ್ಟನೆ ಹೊತ್ತಿಕೊಳ್ಳುವಂಥದ್ದು, ಒಮ್ಮೆ ಹೊತ್ತಿಕೊಂಡರೆ ನೀರಿಗೂ ಆರುವುದಿಲ್ಲ. ಹೀಗಾಗಿ 1918ರ ಸಿನಿಮಾಟೋಗ್ರಾಫ್ ಕಾಯಿದೆ ಚಿತ್ರಗಳ ಸೆನ್ಸಾರ್ ಜೊತೆಗೆ ಕಟ್ಟಡಗಳ ಪರವಾನಗಿಯನ್ನೂ ತಂದಿತು. ಪರವಾನಗಿ ಎಂದರೆ ಪ್ರೊಜೆಕ್ಟರ್ ಕ್ಯಾಬಿನ್ನಿನ ಗೋಡೆ, ಹೊರಬಾಗಿಲು, ಸೀಟುಗಳ ಸಾಲು ಎಲ್ಲದರ ವಿಚಾರಣೆ. ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಇಂಥ ಕಡತಗಳನ್ನು ಹುಡುಕುವಾಗ ಚಿತ್ರಮಂದಿರದ ಹೆಸರು ಹಿಡಿದು ಹೋದರೆ ಕೆಲಸ ಸಾಗದು. ಇಲಾಖೆ ಮತ್ತು ವರ್ಷ ಹಿಡಿದು ಹೋಗಬೇಕು. ನಾನು ಗೃಹ ಇಲಾಖೆಯ ಸೂಚಿಯಿಂದ ಆರಂಭಿಸುತ್ತೇನೆ. ಸಂಜೆ ಹೊರಬಂದರೆ ವಾಟ್ಸನ್ ಹೋಟೆಲಿನ ಕಬ್ಬಿಣದ ಕಟ್ಟಡ ಕೂಗಳತೆಯಲ್ಲೇ ಇದೆ. ಮುಂಬಯಿಯಲ್ಲಿ ಇಂಥ ಕೆಲಸ ಮಾಡುವವರಿಗೆ ಇದೊಂದು ಭಾಗ್ಯ.

ಒಂದೇ ಒಂದು ದಾಖಲೆ ಓದಲು ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಟಿ. ರಂಗಾಚಾರಿಯರ್ ಅಧ್ಯಕ್ಷತೆಯ 1927-28ರ ಭಾರತೀಯ ಸಿನಿಮಾಟೋಗ್ರಾಫ್ ಸಮಿತಿಯ ಸಾಕ್ಷ್ಯ ಸಂಪುಟಗಳನ್ನು. ವರದಿಯನ್ನಲ್ಲ, ಸಾಕ್ಷ್ಯವನ್ನು. ವರದಿಯಲ್ಲಿ ಸಮಿತಿಯ ತೀರ್ಮಾನಗಳಿವೆ. ಸಾಕ್ಷ್ಯದಲ್ಲಿ ಟಾಕೀಸಿನ ಮಾಲೀಕರು, ವಿತರಕರು, ಅಧಿಕಾರಿಗಳು ಪ್ರಶ್ನೆಗೆ ಪ್ರಶ್ನೆ ಉತ್ತರ ಕೊಟ್ಟಿದ್ದಾರೆ. ಮೂಕಿ ಚಿತ್ರಗಳ ಕಾಲದ ಮುಂಬಯಿಯ ಪ್ರೇಕ್ಷಕರ ಬಗ್ಗೆ ಇಷ್ಟು ಜೀವಂತವಾದ ಮಾತು ನಾನು ಬೇರೆಲ್ಲೂ ಓದಿಲ್ಲ.

ಇನ್ನು ಮನುಷ್ಯರು. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ತುಳುನಾಡಿನಿಂದ ಬಂದು ಫೋರ್ಟ್, ಗ್ರ್ಯಾಂಟ್ ರೋಡ್, ಲಾಲ್‌ಬಾಗ್‌ಗಳ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಓದಿದ ತಲೆಮಾರಿಗೆ ಕೊನೆಯ ಆಟವೇ ಮನರಂಜನೆಯಾಗಿತ್ತು. ಅವರಲ್ಲಿ ಕೆಲವರು ಟಾಕೀಸಿನ ಕ್ಯಾಂಟೀನುಗಳಲ್ಲೇ ಕೆಲಸ ಮಾಡಿದವರು. ಕುಂದಾಪುರದ ಕಡೆಯ ಒಬ್ಬ ಹಿರಿಯರನ್ನು ಮಾಟುಂಗಾದ ಅವರ ಮನೆಯಲ್ಲಿ ಕಂಡು, “ಮಾಮ, ನಿಮ್ಮ ಟಾಕೀಸು ಮುಚ್ಚಿದ್ದು ಯಾವ ವರ್ಷ?” ಎಂದು ಕೇಳಿದೆ. “ವರ್ಷ ಗೊತ್ತಿಲ್ಲ ಮಗಳೇ. ಹೊಸ ಚಿತ್ರದ ಮೊದಲ ವಾರ ಬನ್ ಎಷ್ಟು ತರಿಸುತ್ತಿದ್ದೆ ಎಂದು ಕೇಳು, ಹೇಳುತ್ತೇನೆ” ಎಂದರು. ಆಮೇಲೆ ನಾನು ಕೇಳಿದ್ದೆಲ್ಲ ಬನ್ನು, ಚಹಾ, ವಡೆಗಳ ಲೆಕ್ಕವೇ. ಯಾವ ಆಟಕ್ಕೆ ಎಷ್ಟು ಜನ, ಬಾಲ್ಕನಿಯವರು ಇಂಟರ್‌ವಲ್‌ನಲ್ಲಿ ಏನು ತರಿಸುತ್ತಿದ್ದರು, ಗಾಂಧಿ ಕ್ಲಾಸಿನವರು ಏನು ಕಟ್ಟಿಕೊಂಡು ಬರುತ್ತಿದ್ದರು, ಮಳೆಗಾಲದಲ್ಲಿ ಯಾವ ವಾರ ಸೊರಗುತ್ತಿತ್ತು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಕಾರ್ಬನ್ ಕಡ್ಡಿಯ ಪ್ರೊಜೆಕ್ಟರಿನ ಕಾಲದಲ್ಲಿ ಆಪರೇಟರ್ ಕಡ್ಡಿ ಉರಿದಂತೆ ಸರಿಪಡಿಸುತ್ತಲೇ ಇರಬೇಕಾಗಿದ್ದರಿಂದ ಕ್ಯಾಬಿನ್ನಿಗೇ ಚಹಾ ಒಯ್ದು ಕೊಡುತ್ತಿದ್ದ ಹುಡುಗ ತಾನು ಎಂದು ಹೇಳುವಾಗ ಅವರ ಮುಖದಲ್ಲಿ ಅಭಿಮಾನ ಎದ್ದು ಕಾಣುತ್ತಿತ್ತು.

ಇಸವಿ ಬೇಕಾದರೆ ಎಲ್ಲರೂ ಬಲ್ಲ ಒಂದು ಘಟನೆಯನ್ನು ಗೂಟದಂತೆ ನೆಟ್ಟು ಅದರ ಸುತ್ತ ಕೇಳಬೇಕು. ‘ಶೋಲೆ’ 1975ರ ಆಗಸ್ಟ್ 15ರಂದು ಬಂದದ್ದು ನಿಜ, ಆದರೆ ಮಿನರ್ವಾದಲ್ಲಿ ಅದು ಐದು ವರ್ಷ ಓಡಿತು, ಹಾಗಾಗಿ ಆ ಗುರುತು ಸಡಿಲ. 1982ರ ಜನವರಿಯಲ್ಲಿ ಆರಂಭವಾದ ಬಟ್ಟೆ ಗಿರಣಿಗಳ ಮುಷ್ಕರ ಗಟ್ಟಿಯಾದ ಗುರುತು. ಲಾಲ್‌ಬಾಗ್‌ನ ಭಾರತಮಾತಾ ಚಿತ್ರಮಂದಿರದ ಆಸುಪಾಸಿನಲ್ಲಿ ಬದುಕಿದವರು ಮುಷ್ಕರಕ್ಕೆ ಮೊದಲು, ಮುಷ್ಕರದ ನಂತರ ಎಂದೇ ಕಾಲವನ್ನು ಅಳೆಯುತ್ತಾರೆ. ‘ಸಿಲ್ವರ್ ಜ್ಯೂಬಿಲಿಯ ದಿನ ಮಾಲೀಕರು ಎಲ್ಲರಿಗೂ ಬಟ್ಟೆ ಕೊಟ್ಟರು’ ಎಂಬಂಥ ನೆನಪು ಸಿಕ್ಕರೆ ಇನ್ನೂ ಒಳ್ಳೆಯದು. ಸಿಲ್ವರ್ ಜ್ಯೂಬಿಲಿ ಎಂದರೆ 25 ವಾರ. ಬಿಡುಗಡೆಯ ದಿನಾಂಕಕ್ಕೆ 25 ವಾರ ಕೂಡಿಸಿ ಆ ವಾರದ ಪತ್ರಿಕೆ ತೆರೆದರೆ ನೆನಪಿನ ಪಕ್ಕದಲ್ಲೇ ಜಾಹೀರಾತು ಸಿಗುತ್ತದೆ. ಸಿಗದಿದ್ದರೆ ಆ ನೆನಪನ್ನು ನೆನಪು ಎಂದೇ ಗುರುತು ಹಾಕಿ ಇಡುತ್ತೇನೆ, ಬಿಸಾಡುವುದಿಲ್ಲ.

ಕಾರಿನಲ್ಲೇ ಕುಳಿತು ಬಯಲಿನಲ್ಲಿ ಸಿನಿಮಾ ನೋಡುವ ಡ್ರೈವ್-ಇನ್‌ಗಳ ಮಾತು ಬೇರೆ. ರೀಗಲ್, ಎರೋಸ್, ಲಿಬರ್ಟಿಗಳಿಗೆ ಗೋಡೆಗಳಿವೆ, ಆರ್ಟ್ ಡೆಕೋ ಎಂಬ ವಾಸ್ತುಶೈಲಿಯ ಅಲಂಕಾರವಿದೆ, ಪ್ರೀತಿಯಿಂದ ದಾಖಲಿಸುವವರಿದ್ದಾರೆ. ಎರೋಸ್ ಇರುವ ಪ್ರದೇಶ 2018ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿಯೂ ಇದೆ. ಡ್ರೈವ್-ಇನ್ ಎಂದರೆ ಒಂದು ಪರದೆ, ಒಂದು ಕ್ಯಾಬಿನ್, ಮಿಕ್ಕಿದ್ದೆಲ್ಲ ನೆಲ. ಪರದೆ ಕೆಡವಿದ ಮೇಲೆ ಏನೂ ಉಳಿಯುವುದಿಲ್ಲ. ಬಾಂದ್ರಾ ಪೂರ್ವದಲ್ಲಿ, ಇಂದು ಬಾಂದ್ರಾ-ಕುರ್ಲಾ ಸಂಕೀರ್ಣ ಎನ್ನುವ ಕಡೆ, ಇದ್ದ ಡ್ರೈವ್-ಇನ್ ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿತು. ಅದನ್ನು ಹುಡುಕುವಾಗ ನನಗೆ ನೆರವಾದದ್ದು ಭೂಮಿಯ ದಾಖಲೆಗಳು: ಸಿಟಿ ಸರ್ವೆ ಸಂಖ್ಯೆ, ಪ್ರಾಪರ್ಟಿ ಕಾರ್ಡ್, ಅಭಿವೃದ್ಧಿ ಯೋಜನೆಯ ನಕ್ಷೆಗಳು. ಹಳೆಯ ಉಪಗ್ರಹ ಚಿತ್ರಗಳನ್ನೂ ನೋಡಬೇಕು. ಎಲ್ಲ ಕಾರುಗಳೂ ಪರದೆಯ ಕಡೆಗೆ ಮುಖ ಮಾಡಬೇಕಾದ್ದರಿಂದ ಡ್ರೈವ್-ಇನ್‌ನ ಸಾಲುಗಳು ಬೀಸಣಿಗೆಯ ಆಕಾರದಲ್ಲಿರುತ್ತವೆ. ಮೇಲಿನಿಂದ ನೋಡಿದರೆ ಆ ಬಾಗು ಬೇರೆ ಯಾವ ವಾಹನ ನಿಲುಗಡೆಯಲ್ಲೂ ಕಾಣದು.

ಆ ಡ್ರೈವ್-ಇನ್ ಯಾಕೆ ಉಳಿಯಲಿಲ್ಲ ಎಂಬುದಕ್ಕೆ ಜನ ದೂರದರ್ಶನ, ವೀಡಿಯೊ, ಮಲ್ಟಿಪ್ಲೆಕ್ಸುಗಳನ್ನು ಹೆಸರಿಸುತ್ತಾರೆ. ಅವೂ ಇರಬಹುದು. ನನ್ನ ಮಟ್ಟಿಗೆ ನೆಲದ ಬೆಲೆಯೇ ದೊಡ್ಡ ಕಾರಣ. ಕತ್ತಲಾದ ಮೇಲೆ ಮಾತ್ರ ಆಟ, ಮಳೆಗಾಲದಲ್ಲಿ ಅದೂ ಕಷ್ಟ, ಹಗಲಿಡೀ ಖಾಲಿ ಬಿದ್ದಿರುವ ಎಕರೆಗಟ್ಟಲೆ ಜಾಗ. ಸುತ್ತಲೂ ಬ್ಯಾಂಕುಗಳು, ವಜ್ರದ ವ್ಯಾಪಾರದ ಕಟ್ಟಡಗಳು ಏಳುತ್ತಿದ್ದ ಊರಿನಲ್ಲಿ ಅದಕ್ಕೆ ಉಳಿಗಾಲವಿರಲಿಲ್ಲ. 2021ರ ನವೆಂಬರ್‌ನಲ್ಲಿ ಅದೇ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಮತ್ತೆ ಡ್ರೈವ್-ಇನ್ ತೆರೆಯಿತು. ಈ ಸಲ ನೆಲದ ಮೇಲಲ್ಲ, ಜಿಯೋ ವರ್ಲ್ಡ್ ಡ್ರೈವ್ ಮಾಲ್‌ನ ಮಹಡಿಯ ಮೇಲೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ ರಿಚರ್ಡ್ ಹಾಲಿಂಗ್‌ಸ್ಹೆಡ್ ಮೊದಲ ಡ್ರೈವ್-ಇನ್ ತೆರೆದದ್ದು 1933ರಲ್ಲಿ. ಅದೇ ವರ್ಷ ಕೊಲಾಬಾದಲ್ಲಿ ತೆರೆದ ರೀಗಲ್ ತನ್ನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗ ಇಟ್ಟಿತ್ತು. ಕಾರಿನಲ್ಲಿ ಬರುವ ಪ್ರೇಕ್ಷಕನನ್ನು ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆ ಎರಡು ಖಂಡಗಳಲ್ಲಿ ಒಟ್ಟಿಗೇ ಎದ್ದಿತ್ತು. ಈಗ ನಾನು ಇದರ ಬೆನ್ನು ಹತ್ತಿದ್ದೇನೆ: ಮುಂಬಯಿಯ ಯಾವ ಯಾವ ಟಾಕೀಸುಗಳು ಕಾರಿಗೆ ಜಾಗ ಬಿಟ್ಟು ಕಟ್ಟಿದವು, ಯಾವುವು ಟ್ರಾಮ್ ಇಳಿದು ಬರುವವರನ್ನು ನಂಬಿ ಕಟ್ಟಿದವು ಎಂದು ಕಟ್ಟಡದ ನಕ್ಷೆಗಳನ್ನು ಜೋಡಿಸುತ್ತಿದ್ದೇನೆ. ಟಾಕೀಸಿನ ಕ್ಯಾಂಟೀನು, ಸೈಕಲ್ ಸ್ಟ್ಯಾಂಡ್, ಟಿಕೆಟ್ ಕಿಟಕಿಯಲ್ಲಿ ದುಡಿದವರು ನಿಮ್ಮ ಮನೆಯಲ್ಲಿದ್ದರೆ ಅವರ ಗುತ್ತಿಗೆ ಪತ್ರ, ಲೆಕ್ಕದ ಪುಸ್ತಕ, ಗುರುತಿನ ಚೀಟಿಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಅದು ಯಾವ ಟಾಕೀಸಿನದು, ಯಾರದು ಎಂದು ಆ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ.