ಒಪೆರಾ ಕಂಠವನ್ನು ಅವಸರಿಸದೆ ಬೆಳೆಸುವ ಬಗೆ: ವಿಶ್ವವಿದ್ಯಾಲಯದ ಗಾಯನ ಅಧ್ಯಾಪಕರಿಗೆ

ವಿಶ್ವವಿದ್ಯಾಲಯದಲ್ಲಿ ಗಾಯನವನ್ನೂ ಒಪೆರಾವನ್ನೂ ಕಲಿಸಲು ಹೊರಟವರಿಗೆ ಮೊದಲು ಎದುರಾಗುವ ಕಷ್ಟ ಕಾಲಕ್ಕೆ ಸಂಬಂಧಿಸಿದ್ದು. ಪದವಿ ಮೂರು ನಾಲ್ಕು ವರ್ಷಗಳಲ್ಲಿ ಮುಗಿದುಹೋಗುತ್ತದೆ. ಹದಿನೆಂಟರ ಹರೆಯದಲ್ಲಿ ತರಗತಿಗೆ ಬಂದ ವಿದ್ಯಾರ್ಥಿಯ ಕಂಠವಾದರೋ ಇಪ್ಪತ್ತರ ಕೊನೆಯವರೆಗೂ, ಭಾರವಾದ ಕಂಠವಾಗಿದ್ದರೆ ಮೂವತ್ತು ದಾಟಿದ ಮೇಲೂ, ಬಲಿಯುತ್ತಲೇ ಇರುತ್ತದೆ. ಪರೀಕ್ಷೆ, ಸ್ಪರ್ಧೆ, ವಾರ್ಷಿಕ ಪ್ರದರ್ಶನಗಳ ಗಡುವುಗಳ ನಡುವೆಯೂ ಕಂಠದ ಸಹಜ ಗತಿಗೆ ಮೊದಲ ಮನ್ನಣೆ ಕೊಡಲು ಕಲಿತವರು ಮಾತ್ರ ಈ ವೃತ್ತಿಯಲ್ಲಿ ದಶಕಗಳ ಕಾಲ ಸಾರ್ಥಕವಾಗಿ ಉಳಿಯಬಲ್ಲರು ಎಂಬುದು ನನ್ನ ದೃಢವಾದ ನಂಬಿಕೆ.

ಹೊಸ ವಿದ್ಯಾರ್ಥಿಯ ಮೊದಲ ಕೆಲವು ವಾರಗಳನ್ನು ಕೇಳುವುದಕ್ಕೇ ಮೀಸಲಿಡಿ. ಅವರಿಗೆ ಸಲೀಸಾದ ಒಂದು ಹಾಡನ್ನು ಹಾಡಿಸಿ, ಅದರ ಸಾಹಿತ್ಯವನ್ನು ಮಾತಿನಂತೆ ಓದಿಸಿ, ಬಳಿಕ ಸ್ವರಗಳನ್ನು ಆರೋಹಣ ಅವರೋಹಣ ಕ್ರಮದಲ್ಲಿ ಹಾಡಿಸುತ್ತ, ದನಿ ಎಲ್ಲಿ ನಿರಾಯಾಸವಾಗಿ ನಿಲ್ಲುತ್ತದೆ, ಎಲ್ಲಿ ಬಣ್ಣ ಬದಲಿಸುತ್ತದೆ, ಎಲ್ಲಿ ಕುತ್ತಿಗೆ ಬಿಗಿಯುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಒಬ್ಬರು ಎಷ್ಟು ಎತ್ತರದ ಸ್ವರವನ್ನು ಮುಟ್ಟಬಲ್ಲರು ಎಂಬುದಕ್ಕಿಂತ, ಯಾವ ಎತ್ತರದಲ್ಲಿ ದಣಿಯದೆ ಬಹಳ ಹೊತ್ತು ಹಾಡಬಲ್ಲರು ಎಂಬುದು ಧ್ವನಿಯ ವರ್ಗವನ್ನು ಹೆಚ್ಚು ಖಚಿತವಾಗಿ ತಿಳಿಸುತ್ತದೆ. ಆದರೂ ಮೊದಲ ವರ್ಷದಲ್ಲೇ ‘ಇವರು ಟೆನರ್’ (ಪುರುಷರ ಎತ್ತರದ ಕಂಠ), ‘ಇವರು ಬ್ಯಾರಿಟೋನ್’ (ಅದಕ್ಕಿಂತ ತಗ್ಗಿನ ಕಂಠ) ಎಂದು ತೀರ್ಪು ಕೊಟ್ಟುಬಿಡಬಾರದು. ಇಟಲಿಯ ಹೆಸರಾಂತ ಟೆನರ್ ಕಾರ್ಲೊ ಬೆರ್ಗೋಂಝಿ ಬ್ಯಾರಿಟೋನ್ ಆಗಿಯೇ ರಂಗಕ್ಕೆ ಬಂದವರು. ಟೆನರ್ ಪಾತ್ರಗಳನ್ನು ಹಾಡತೊಡಗಿದ್ದು 1951ರಲ್ಲಿ.

ಉಸಿರಿನ ಪಾಠವನ್ನು ಆದಷ್ಟು ಸರಳವಾಗಿಡಿ. ಇಟಾಲಿಯನ್ ಪರಂಪರೆಯು ‘ಅಪ್ಪೊಜ್ಜೊ’ ಎಂದು ಕರೆಯುವ ಕ್ರಮದ ತಿರುಳೆಂದರೆ, ಉಸಿರು ಎಳೆದುಕೊಂಡಾಗ ಅರಳಿದ ಪಕ್ಕೆಲುಬುಗಳು ಹಾಡುವಾಗ ತಟ್ಟನೆ ಕುಸಿಯದಂತೆ ತಡೆದು, ಗಾಳಿಯನ್ನು ಹದವಾಗಿ ಬಿಡುವುದು. ಇದಕ್ಕೆ ‘ಸ್’ ಎಂಬ ಸದ್ದನ್ನು ಏರಿಳಿತವಿಲ್ಲದೆ ಉದ್ದಕ್ಕೆ ಎಳೆಯುವ ಅಭ್ಯಾಸವೂ, ಸಣ್ಣ ಕೊಳವೆಯನ್ನು ತುಟಿಗಳ ನಡುವೆ ಹಿಡಿದು ಅದರ ಮೂಲಕ ಸ್ವರ ಹೊರಡಿಸುವ ಅಭ್ಯಾಸವೂ ಬಹಳ ಉಪಯುಕ್ತ. ಕೊಳವೆಯಿಂದ ಉಂಟಾಗುವ ಹಿಮ್ಮುಖ ಒತ್ತಡದಿಂದಾಗಿ ಧ್ವನಿತಂತುಗಳು ಒಂದಕ್ಕೊಂದು ಕಡಿಮೆ ರಭಸದಿಂದ ತಾಗುತ್ತವೆ. ‘ಹೊಟ್ಟೆಯಿಂದ ತಳ್ಳಿ’ ಎಂಬ ಸೂಚನೆಯನ್ನು ನಾನು ಯಾರಿಗೂ ಕೊಡೆನು, ಏಕೆಂದರೆ ತಳ್ಳಿದ ಗಾಳಿಯನ್ನು ತಡೆಯುವ ಹೊಣೆಯೆಲ್ಲ ಗಂಟಲಿನ ಮೇಲೆ ಬೀಳುತ್ತದೆ.

ಮೈಕ್ ಇಲ್ಲದೆ ಆರ್ಕೆಸ್ಟ್ರಾವನ್ನು ಮೀರಿ ಕೇಳಿಸಬೇಕಾದ ಒಪೆರಾದಲ್ಲಿ ವಿದ್ಯಾರ್ಥಿಗಳು ಜೋರಾಗಿ ಹಾಡಲು ಹೊರಡುವುದು ಸಹಜ. ಅವರಿಗೆ ಧ್ವನಿಶಾಸ್ತ್ರವನ್ನು ಸ್ವಲ್ಪವಾದರೂ ತಿಳಿಸಿ. ಆರ್ಕೆಸ್ಟ್ರಾದ ನಾದಶಕ್ತಿ ಸುಮಾರು 500 ಹರ್ಟ್ಜ್ ಸುತ್ತಮುತ್ತ ಹೆಚ್ಚಾಗಿದ್ದು ಮೇಲಕ್ಕೆ ಹೋದಂತೆ ಇಳಿಯುತ್ತದೆ. ತರಬೇತಾದ ಗಾಯಕರ, ಅದರಲ್ಲೂ ಪುರುಷರ, ಕಂಠದಲ್ಲಿ ಸುಮಾರು 3000 ಹರ್ಟ್ಜ್ ಬಳಿ ಅನುರಣನ ಒಟ್ಟುಗೂಡುತ್ತದೆ ಎಂಬುದನ್ನು ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬೆರ್ಗ್ ವಿವರಿಸಿದರು. ಹಾಗಾಗಿ ದನಿ ಸಭಾಂಗಣದ ಕೊನೆಯ ಸಾಲಿಗೂ ತಲುಪುವುದು ಗಂಟಲೊಳಗಿನ ಆಕಾರ ಸರಿಹೋದಾಗ. ಸೊಪ್ರಾನೊಗಳ, ಅಂದರೆ ಮಹಿಳೆಯರಲ್ಲಿ ಅತಿ ಎತ್ತರದ ಕಂಠದವರ, ವಿಷಯ ಬೇರೆ: ತೀರ ಎತ್ತರದಲ್ಲಿ ಸ್ವರದ ಕಂಪನಾಂಕವು ಆಯಾ ಸ್ವರಾಕ್ಷರದ ಮೊದಲ ಅನುರಣನವನ್ನೇ ಮೀರುವುದರಿಂದ ‘ಇ’ ಮತ್ತು ‘ಉ’ಗಳು ಸ್ಪಷ್ಟವಾಗಿ ಬೇರ್ಪಡುವುದಿಲ್ಲ, ದವಡೆಯನ್ನು ಹೆಚ್ಚು ತೆರೆಯಲೇಬೇಕಾಗುತ್ತದೆ. ಅಲ್ಲಿ ಉಚ್ಚಾರ ಸರಿಯಿಲ್ಲವೆಂದು ವಿದ್ಯಾರ್ಥಿನಿಯನ್ನು ಗದರುವುದು ಅನ್ಯಾಯ.

ಗುರುವಿನ ವಿವೇಕಕ್ಕೆ ನಿಜವಾದ ಪರೀಕ್ಷೆ ನಡೆಯುವುದು ಒಪೆರಾವನ್ನು ಆರಿಸುವಾಗ. ಕೃತಿಯನ್ನು ಮೊದಲೇ ಗೊತ್ತುಮಾಡಿ ಆಮೇಲೆ ಕಂಠಗಳನ್ನು ಹುಡುಕುವ ಪದ್ಧತಿ ಹಲವೆಡೆ ಇದೆ. ಆ ವರ್ಷ ನಿಮ್ಮಲ್ಲಿರುವ ಕಂಠಗಳ ಪಟ್ಟಿಯನ್ನು ಮುಂದಿಟ್ಟುಕೊಂಡೇ ಕೃತಿಯನ್ನು ಆರಿಸಿ. ಪರ್ಸೆಲ್‌ನ ‘ಡೈಡೊ ಅಂಡ್ ಈನಿಯಸ್’ 1680ರ ದಶಕದಲ್ಲಿ ಲಂಡನ್ನಿನ ಚೆಲ್ಸಿಯ ಬಾಲಕಿಯರ ಶಾಲೆಯೊಂದರಲ್ಲಿ ಪ್ರದರ್ಶನಗೊಂಡ ಕೃತಿ. ಸುಮಾರು ಒಂದು ಗಂಟೆಯ ಅವಧಿ, ಮಿತವಾದ ವಾದ್ಯವೃಂದ, ಮೇಳಕ್ಕೆ ಧಾರಾಳವಾದ ಕೆಲಸ ಇರುವುದರಿಂದ ಎಳೆಯ ಕಂಠಗಳಿಗೆ ಅದು ಇಂದಿಗೂ ಹೇಳಿ ಮಾಡಿಸಿದಂತಿದೆ. ಮೊಜಾರ್ಟನ 1786ರ ‘ಲೆ ನೊತ್ಸೆ ದಿ ಫಿಗಾರೊ’ದಲ್ಲಿ ಹಲವರಿಗೆ ಒಳ್ಳೆಯ ಪಾತ್ರಗಳಿವೆ, ಕೂಡಿ ಹಾಡುವ ಶಿಸ್ತೂ ಅದರಿಂದ ಬರುತ್ತದೆ, ಆದರೆ ಸುಸಾನಾ ನಾಲ್ಕು ಅಂಕಗಳ ಬಹುಭಾಗದಲ್ಲಿ ರಂಗದ ಮೇಲೇ ಇರುವುದರಿಂದ ಆ ಪಾತ್ರಕ್ಕೆ ಇಬ್ಬರನ್ನು ಸಿದ್ಧಪಡಿಸಿ, ಪ್ರದರ್ಶನಗಳನ್ನು ಹಂಚುವುದು ಕ್ಷೇಮ. 1791ರ ‘ದಿ ಮ್ಯಾಜಿಕ್ ಫ್ಲೂಟ್’ನ ರಾತ್ರಿರಾಣಿಯ ಆರಿಯಾಗಳು (ಒಬ್ಬರೇ ಹಾಡುವ ಹಾಡುಗಳು), ಮೇಲಿನ ‘ಸಿ’ಯನ್ನೂ ದಾಟಿ ‘ಎಫ್’ವರೆಗೆ ಏರುವುದರಿಂದ, ಅಂಥ ಕಂಠ ಸಹಜವಾಗಿಯೇ ಇದ್ದವರ ಹೊರತು ಯಾರಿಗೂ ಬೇಡ. ವಾಗ್ನರ್ ಮತ್ತು ಪುಚ್ಚೀನಿಯ ಭಾರಿ ಪಾತ್ರಗಳನ್ನು ವಿದ್ಯಾರ್ಥಿ ಎಷ್ಟೇ ಆಸೆಪಟ್ಟು ಕೇಳಿದರೂ ಮುಂದೂಡಿ, ಕಾರಣವನ್ನು ತಾಳ್ಮೆಯಿಂದ ವಿವರಿಸಿ.

ತಾಲೀಮಿನ ಕೊನೆಯ ವಾರಗಳಲ್ಲಿ, ಚಲನೆಗಳನ್ನಷ್ಟೇ ರೂಢಿಸುವ ದಿನಗಳಲ್ಲಿ, ಪೂರ್ಣ ಕಂಠದಲ್ಲಿ ಹಾಡದೆ ತಗ್ಗಿದ ದನಿಯಲ್ಲಿ, ಎತ್ತರದ ಸ್ವರಗಳನ್ನು ಒಂದು ಸ್ಥಾಯಿ ಕೆಳಗಿಳಿಸಿ ಹಾಡುವುದನ್ನು ಕಲಿಸಿ. ಪಿಸುಮಾತಿನಂಥ ದನಿಯಲ್ಲಿ ಹಾಡಿದರೆ ದಣಿವು ಹೆಚ್ಚುತ್ತದೆಯಾದ್ದರಿಂದ ಇದಕ್ಕೂ ಪಾಠ ಬೇಕು. ದನಿ ಒಡಕಾದವರನ್ನು ಅಂದು ಹಾಡಿಸಬೇಡಿ. ಒಡಕು ಎರಡು ಮೂರು ವಾರಗಳಾದರೂ ಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರ ಬಳಿಗೆ ಕಳುಹಿಸಿ, ರೋಗನಿರ್ಣಯವನ್ನು ಅವರಿಗೇ ಬಿಡಿ. 1841ರಲ್ಲಿ ಬಳಲಿದ ಕಂಠದೊಂದಿಗೆ ಪ್ಯಾರಿಸ್ಸಿಗೆ ಬಂದ ಸ್ವೀಡನ್ನಿನ ಗಾಯಕಿ ಯೆನ್ನಿ ಲಿಂಡ್‌ಗೆ ಗಾಯನ ಗುರು ಮಾನ್ವೆಲ್ ಗಾರ್ಸಿಯಾ ಮೊದಲು ವಿಧಿಸಿದ್ದು ವಾರಗಟ್ಟಲೆಯ ಮೌನವನ್ನು.

ಅದೇ ಗಾರ್ಸಿಯಾ ಚಿಕ್ಕ ವಯಸ್ಸಿನಲ್ಲೇ ರಂಗಗಾಯನವನ್ನು ಬಿಟ್ಟವರು. 1854ರಲ್ಲಿ ಕನ್ನಡಿಯ ನೆರವಿನಿಂದ ತಮ್ಮದೇ ಧ್ವನಿಪೆಟ್ಟಿಗೆಯನ್ನು ನೋಡಿದ ಅವರು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ 1848ರಿಂದ 1895ರವರೆಗೆ ಪಾಠ ಹೇಳಿದರು. ಒಳ್ಳೆಯ ಗುರುವಾಗಲು ತಾವೇ ಹಾಡಿ ಮೆರೆಯಬೇಕಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ತಾವೇ ಹಾಡಿ ತೋರಿಸುವುದನ್ನೇ ನೆಚ್ಚಿಕೊಂಡ ಅಧ್ಯಾಪಕರ ಕಂಠ ದಿನವಿಡೀ ಪಾಠದಲ್ಲಿ ಸವೆಯುತ್ತದೆ, ವಿದ್ಯಾರ್ಥಿಗಳೂ ಗುರುವಿನ ದನಿಯನ್ನೇ ಅನುಕರಿಸತೊಡಗುತ್ತಾರೆ. ಒಂದೆರಡು ಸ್ವರಗಳನ್ನಷ್ಟೇ ತೋರಿಸಿ, ಉಳಿದುದನ್ನು ಮಾತಿನಲ್ಲಿ ಹೇಳಿ. ವಿದ್ಯಾರ್ಥಿ ಹಾಡಿದ್ದನ್ನು ಧ್ವನಿಮುದ್ರಿಸಿ, ಅದನ್ನು ಕೇಳಿಸಿ, ದೋಷ ಯಾವುದೆಂದು ನೀವು ಹೇಳುವ ಮೊದಲು ಅವರಿಂದಲೇ ಹೇಳಿಸಿ.

ಪ್ರತಿಯೊಬ್ಬರಿಗೂ ಒಂದು ಟಿಪ್ಪಣಿ ಪುಸ್ತಕವಿರಲಿ: ಹಾಡಿದ ಕೃತಿಗಳು, ದನಿ ಬಣ್ಣ ಬದಲಿಸುವ ಸ್ವರಗಳು, ಮುಂದೂಡಿದ ಪಾತ್ರಗಳು ಮತ್ತು ಮುಂದೂಡಿದ ಕಾರಣ. ವಿದ್ಯಾರ್ಥಿ ಸ್ನಾತಕೋತ್ತರ ಪದವಿಗೆ ಬೇರೆಡೆ ಹೋಗುವಾಗ, ಅಥವಾ ನೀವೇ ನಿವೃತ್ತರಾಗುವಾಗ, ಅವರ ಒಪ್ಪಿಗೆ ಪಡೆದು ಅದರ ಪ್ರತಿಯನ್ನು ಮುಂದಿನ ಗುರುಗಳಿಗೆ ಕಳುಹಿಸಿ, ಹೊಸ ಪಾಠ ಆರಂಭವಾಗುವ ಮೊದಲು ಅವರೊಡನೆ ಒಮ್ಮೆ ಮಾತಾಡಿ.